ಲಕ್ಷ್ಯ ಎಲ್ಲೈತಿ ನಿಂದು?



ಇವತ್ತಿನ ವಿಷಯಕ್ಕೂ, ಡೋಣಿಯಲ್ಲಿ ನಾನೀಗ ಕೊಡುತ್ತಿರುವಂಥ ದತ್ತಿ ಉಪನ್ಯಾಸಕ್ಕೂ ಹಳೆಯ ನಂಟಿದೆ. 1902ರಲ್ಲಿ ಲಂಡನ್ನಿನಲ್ಲಿ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ವೈದ್ಯರು ಇಂಥದೇ ಒಂದು ದತ್ತಿಯ ಹೆಸರಿನಲ್ಲಿ ಮೂರು ಉಪನ್ಯಾಸ ಕೊಟ್ಟರು. ಬುದ್ಧಿ ನೆಟ್ಟಗಿದ್ದೂ ತಮ್ಮನ್ನು ತಾವು ತಡೆದುಕೊಳ್ಳಲಾಗದ ಮಕ್ಕಳನ್ನು ಅವರು ಬಣ್ಣಿಸಿದರು. ನಾವೀಗ ಎ.ಡಿ.ಎಚ್.ಡಿ. ಎನ್ನುವ, ಲಕ್ಷ್ಯ ನಿಲ್ಲದ, ಚಡಪಡಿಕೆಯ ತೊಂದರೆಯ ಮೊದಮೊದಲ ವಿವರಗಳಲ್ಲಿ ಅದೂ ಒಂದು. ಆದರೆ ಅವರು ಅದನ್ನು ನೈತಿಕ ಹಿಡಿತದ ದೋಷ ಎಂದು ಕರೆದರು. ನಮ್ಮ ಕಡೆ ಈಗಲೂ ‘ಉಡಾಳ’ ಅಂದು ಮುಗಿಸುತ್ತೇವೆ.

ಮೂರನೇತ್ತೆಯ ಹುಡುಗನೊಬ್ಬನ ಲೆಕ್ಕದ ನೋಟುಬುಕ್ಕು ನೋಡಿದ್ದೆ. ಮೊದಲೆರಡು ಲೆಕ್ಕ ಮುತ್ತು ಪೋಣಿಸಿದಂತೆ. ಮೂರನೆಯದರಲ್ಲಿ ಕಳೆಯುವ ಕಡೆ ಕೂಡಿದ್ದಾನೆ. ನಾಲ್ಕನೆಯದು ಅರ್ಧಕ್ಕೇ ನಿಂತಿದೆ, ಅದರ ಕೆಳಗೊಂದು ಟ್ರ್ಯಾಕ್ಟರು. ಲೆಕ್ಕ ಬರುವುದಿಲ್ಲ ಎನ್ನುವಂತಿಲ್ಲ, ಲಕ್ಷ್ಯ ಎರಡೇ ನಿಮಿಷ ನಿಂತಿತು. “ಸಕ್ಕರಿ ತರಾಕ ಕಳಿಸಿದ್ರ ಚೀಲಾನೂ ಅಲ್ಲೇ, ಚಿಲ್ಲರಾನೂ ಅಲ್ಲೇ ಬಿಟ್ಟು ಬರ್ತಾನ್ರಿ” ಎಂದು ತಾಯಿ. “ಇವರಪ್ಪನೂ ಹಿಂಗ ಇದ್ದ ಬಿಡ್ರಿ” ಎಂದು ಅಜ್ಜಿ.

ಅಜ್ಜಿ ಸಮಾಧಾನಕ್ಕೆಂದು ಆಡಿದ ಮಾತು ವೈದ್ಯರಿಗೆ ಸಾಕ್ಷಿ. ಅವಳಿಜವಳಿಗಳ ಅಧ್ಯಯನಗಳ ಪ್ರಕಾರ ಈ ತೊಂದರೆಯಲ್ಲಿ ಸುಮಾರು ಮುಕ್ಕಾಲು ಪಾಲು ಅನುವಂಶಿಕತೆಯದು. ಹಣೆಯ ಹಿಂದಿನ ಮೆದುಳಿನ ಭಾಗ ಲಕ್ಷ್ಯವನ್ನು ಹಿಡಿದಿಡುತ್ತದೆ, ಕೈಯನ್ನೂ ಬಾಯನ್ನೂ ತಡೆಯುತ್ತದೆ. ಅಲ್ಲಿ ಡೋಪಮೈನ್, ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಕೆಲಸ ಇಂಥ ಮಕ್ಕಳಲ್ಲಿ ಬೇರೆ ರೀತಿ. ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮೆದುಳಿನ ಹೊರಪದರ ಉಳಿದ ಮಕ್ಕಳಲ್ಲಿ ಏಳೂವರೆ ವಯಸ್ಸಿನ ಸುಮಾರಿಗೆ ಮುಟ್ಟುವ ದಪ್ಪವನ್ನು ಈ ಮಕ್ಕಳಲ್ಲಿ ಹತ್ತೂವರೆಗೆ ಮುಟ್ಟಿದ್ದನ್ನು ತೋರಿಸಿತು. ಮೂರು ವರ್ಷ ತಡವಾಗಿ ಬಲಿಯುವುದಕ್ಕೆ ಛಡಿ ಏಟು ಗೊಬ್ಬರವಾಗುವುದಿಲ್ಲ.

ಚಟುವಟಿಕೆ ಹೆಚ್ಚಿದ ಮಕ್ಕಳಿಗೆಲ್ಲ ಇದೇ ತೊಂದರೆ ಅಂತಲ್ಲ. ಲಕ್ಷ್ಯಕ್ಕೆ ಸಂಬಂಧಿಸಿದ ಒಂಬತ್ತು, ಚಡಪಡಿಕೆ-ಆತುರದ ಒಂಬತ್ತು ಲಕ್ಷಣಗಳ ಪಟ್ಟಿಗಳಿವೆ. ಮಕ್ಕಳಲ್ಲಿ ಯಾವುದಾದರೂ ಒಂದರಲ್ಲಿ ಆರಾದರೂ ಇರಬೇಕು, ಆರು ತಿಂಗಳಾದರೂ ಇರಬೇಕು, 12 ವರ್ಷಕ್ಕೆ ಮೊದಲೇ ಕಾಣಿಸಿರಬೇಕು. ಎಲ್ಲಕ್ಕಿಂತ ಮುಖ್ಯ, ಮನೆಯಲ್ಲೂ ಸಾಲಿಯಲ್ಲೂ ಎರಡೂ ಕಡೆ ಕಾಣಬೇಕು. ಸಾಲಿಯಲ್ಲಷ್ಟೇ ಗದ್ದಲ ಮಾಡುವ ಹುಡುಗನಿಗೆ ಬೇರೆ ಕಾರಣ ಹುಡುಕಬೇಕು. ಕಿವಿ ಸೋರುವ ಮಗು ಕರೆದರೆ ಓಗೊಡುವುದಿಲ್ಲ, ಕಣ್ಣು ಮಂಜಾದದ್ದು ಬೋರ್ಡು ನೋಡುವುದಿಲ್ಲ, ರಕ್ತ ಕಮ್ಮಿಯಾದದ್ದು ತೂಕಡಿಸುತ್ತದೆ. ಇವನ್ನೆಲ್ಲ ಮೊದಲು ನೋಡಬೇಕು.

ಗಂಡುಹುಡುಗರಲ್ಲಿ ಇದು ಹೆಚ್ಚು ಪತ್ತೆಯಾಗುತ್ತದೆ. ಕಿಟಕಿ ಪಕ್ಕ ಸುಮ್ಮನೆ ಕೂತು ಕಪ್ಪತಗುಡ್ಡದ ಗಾಳಿ ವಿದ್ಯುತ್ತಿನ ಫ್ಯಾನು ತಿರುಗುವುದನ್ನು ನೋಡುವ ಹುಡುಗಿಯನ್ನು ಯಾರೂ ಉಡಾಳಿ ಅನ್ನುವುದಿಲ್ಲ, ಹಾಗಾಗಿ ಯಾರೂ ಕರೆತರುವುದೂ ಇಲ್ಲ.

ಸಣ್ಣ ಮಕ್ಕಳಿಗೆ ಮೊದಲ ಮದ್ದು ತಂದೆತಾಯಿಗಳ ತರಬೇತಿ: ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಮಾಡಿದ ಕೂಡಲೇ ಶಹಬ್ಬಾಸ್ ಅನ್ನುವುದು. ದೊಡ್ಡ ಮಕ್ಕಳಿಗೆ ಬೇಕಾದರೆ ಮೀಥೈಲ್‌ಫೆನಿಡೇಟ್ ಗುಳಿಗೆ ಇದೆ. ಅದರಿಂದ ಹಸಿವು ಕುಗ್ಗಬಹುದು. ಎತ್ತರ, ತೂಕ ನೋಡುತ್ತಿರಬೇಕು. ಗುಳಿಗೆ ನಿಲ್ಲಿಸಿ ಗುಡ್ಡದ ಗಿಡಮೂಲಿಕೆಯ ಬೇರು ತೇಯ್ದು ಕುಡಿಸಬೇಡಿ.

ಸಂಶಯ ಬಂದರೆ ಗದಗಿನ ವೈದ್ಯಕೀಯ ಕಾಲೇಜಿನ ಮನೋರೋಗ ವಿಭಾಗಕ್ಕೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೋ ಹೋಗಿ. ಇದನ್ನು ಪತ್ತೆಹಚ್ಚುವ ಸ್ಕ್ಯಾನ್ ಇಲ್ಲ, ರಕ್ತಪರೀಕ್ಷೆಯೂ ಇಲ್ಲ. ಅದಕ್ಕೇ ಹೋಗುವಾಗ ಮಗುವಿನ ಲೆಕ್ಕದ ನೋಟುಬುಕ್ಕು ಒಯ್ಯಿರಿ, ಸಾಲಿಯ ಅಕ್ಕೋರ ಕೈಲಿ ನಾಲ್ಕು ಸಾಲು ಬರೆಸಿಕೊಳ್ಳಿ. ಸಾಧ್ಯವಾದರೆ ಅಜ್ಜಿಯನ್ನೂ ಕರೆದುಕೊಂಡು ಹೋಗಿ.