ರೈಲು ಬಂತು, ಬಸ್ ಹೋಯ್ತು: ಆನಂದಪುರದ ಹತ್ತು ನಿಮಿಷದ ಕಥೆ

ಬಸ್‌ಸ್ಟ್ಯಾಂಡಲ್ಲಿ ಕಾಯ್ತಾ, ಇಯರ್‌ಫೋನ್ ಹಾಕ್ಕೊಂಡು ಇದನ್ನ ಕೇಳ್ತಾ ಇದ್ದೀರಾ? ಹಾಗಿದ್ರೆ ಇವತ್ತಿನ ಮಾತು ನಿಮ್ಮದೇ.

ನಮ್ಮ ಮನೆ ಸಾಗರ ತಾಲ್ಲೂಕಿನ ಆನಂದಪುರದಿಂದ ರಿಪ್ಪನ್‌ಪೇಟೆ ಕಡೆ ಹೋಗೋ ರಸ್ತೆಯಲ್ಲಿ, ಸ್ವಲ್ಪ ಒಳಗೆ. ನಾನು ಡಿಗ್ರಿ ಓದಿದ್ದು ಶಿವಮೊಗ್ಗದಲ್ಲಿ. ಲ್ಯಾಬ್ ಇದ್ದ ದಿನ ಸಂಜೆ ರೈಲಲ್ಲಿ ವಾಪಸ್ ಬರ್ತಿದ್ದೆ. ರೈಲು ಸರಿಯಾದ ಟೈಮಿಗೆ ಬಂದ್ರೆ ಊರಿನ ಕಡೆಯ ಬಸ್ ಸಿಗ್ತಿತ್ತು. ಹತ್ತು ನಿಮಿಷ ತಡ ಆದ್ರೆ ಬಸ್ ಹೋಗಿರ್ತಿತ್ತು. ಆಗ ಅಪ್ಪಯ್ಯಂಗೆ ಫೋನು. ಅವರು ರೈನ್‌ಕೋಟ್ ಹಾಕ್ಕೊಂಡು ಬೈಕಲ್ಲಿ ಬರ್ತಿದ್ರು.

ಒಂದು ಜುಲೈ ರಾತ್ರಿ ಹಾಗೇ ಬರುವಾಗ ಬೈಕ್ ಜಾರಿತು. ಅಪ್ಪಯ್ಯನ ಕೈ ಮುರೀತು. ಆ ವರ್ಷ ಅಡಿಕೆ ಕೊಯ್ಲಿನ ಹೊತ್ತಿಗೂ ಅವರಿಗೆ ಕೈ ಮೇಲೆ ಎತ್ತೋಕೆ ಆಗ್ಲಿಲ್ಲ. ಮುಂದಿನ ವರ್ಷ ನನ್ನ ಚಿಕ್ಕಪ್ಪನ ಮಗಳು ಅದೇ ಕಾಲೇಜಿಗೆ ಸೇರಬೇಕಿತ್ತು. ಮನೆಯವರು "ಸಂಜೆ ಹೊತ್ತು ಅದೆಲ್ಲ ಆಗಲ್ಲ" ಅಂದ್ರು. ಅವಳು ಸೈನ್ಸ್ ಬಿಟ್ಟು ಹತ್ತಿರದಲ್ಲೇ ಸಿಕ್ಕ ಕೋರ್ಸ್ ತಗೊಂಡಳು. ಹತ್ತು ನಿಮಿಷದ ಬೆಲೆ ಇಷ್ಟು ಅಂತ ನಾನು ಕಲಿತಿದ್ದು ಆಗ.

ನಮ್ಮಲ್ಲಿ ರೈಲಿಲ್ಲ ಅಂತ ಅಳೋ ಪರಿಸ್ಥಿತಿ ಇಲ್ಲ. ಮೀಟರ್‌ಗೇಜ್ ಕಾಲದಲ್ಲಿ ಶಿವಮೊಗ್ಗ–ತಾಳಗುಪ್ಪ ಮಧ್ಯೆ ರೈಲುಬಸ್ ಓಡ್ತಿತ್ತು. ನೋಡೋಕೆ ಬಸ್ಸು, ಓಡೋದು ಹಳಿ ಮೇಲೆ! ಆಮೇಲೆ 2011ರ ಹೊತ್ತಿಗೆ ತಾಳಗುಪ್ಪದವರೆಗೂ ಬ್ರಾಡ್‌ಗೇಜ್ ಬಂತು. ಈಗ ಬೆಂಗಳೂರು, ಮೈಸೂರಿಗೆ ನೇರ ರೈಲು ಇದೆ. ರಾತ್ರಿ ಬೆಂಗಳೂರಲ್ಲಿ ಹತ್ತಿದ್ರೆ ಬೆಳಗಾಗುವಷ್ಟರಲ್ಲಿ ಆನಂದಪುರ. ಆದರೆ ರೈಲಿಗೆ ಬಸ್ ಜೋಡಿಸೋ ಕೆಲಸ ಮಾತ್ರ ಹಾಗೇ ಉಳೀತು.

ಇದೇ ಹೊತ್ತಲ್ಲಿ ಊರು ಬೆಳೀತಾ ಇದೆ. ಆನಂದಪುರದ ಹತ್ತಿರ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಮುಖ್ಯ ಕ್ಯಾಂಪಸ್ ಎದ್ದಿದೆ. ಬೇರೆ ಬೇರೆ ಜಿಲ್ಲೆಯ ಹುಡುಗರು, ಹುಡುಗೀರು ಅಲ್ಲಿ ಓದ್ತಾರೆ. ಸಿಬ್ಬಂದಿ ಇದ್ದಾರೆ, ರೈತರು ಬಂದು ಹೋಗ್ತಾರೆ. ಇಂಥ ಜಾಗಕ್ಕೆ ಕಟ್ಟಡ, ಕರೆಂಟು, ನೀರಿನ ಪ್ಲಾನ್ ಮೊದಲೇ ಆಗುತ್ತೆ. ಬೆಳಗಿನ ರೈಲಿಳಿದವರು ಕ್ಯಾಂಪಸ್‌ಗೆ ಹೇಗೆ ಹೋಗ್ತಾರೆ ಅನ್ನೋದೂ ಅದೇ ನಕ್ಷೆಯ ಮೇಲೆ, ಅದೇ ದಿನ ಬರಬೇಕು. ಬಸ್ ನಂಬೋಕಾಗಲ್ಲ ಅಂತ ಎಲ್ಲರೂ ಸ್ಕೂಟಿ, ಬೈಕ್ ಕೊಂಡ ಮೇಲೆ ಬಸ್ ಬಿಟ್ರೆ ಯಾರು ಹತ್ತುತ್ತಾರೆ ಹೇಳಿ?

ಹಾಗಾದ್ರೆ ತಪ್ಪು ಯಾರದು? ಒಬ್ಬ ಕಂಡಕ್ಟರ್ ಅಣ್ಣನ್ನ ಕೇಳಿದೆ. "ಕಾಯಕ್ಕೆ ನಂಗೂ ಇಷ್ಟ ಮಾರಾಯ. ಆದ್ರೆ ಹತ್ತು ನಿಮಿಷ ನಿಂತ್ರೆ ಹಿಂದಿನ ಬಸ್‌ನವ ಬಂದು ಜಗಳ ತೆಗೀತಾನೆ, ಮುಂದಿನ ಸ್ಟಾಪಿನವರು ಬೈತಾರೆ" ಅಂದ್ರು. ನಿಜ ತಾನೇ? ಖಾಸಗಿ ಬಸ್ಸಿನ ರೂಟು, ಟೈಮು ಪರ್ಮಿಟ್‌ಗೆ ಸೇರಿರುತ್ತೆ. ಅದನ್ನ ಕೊಡೋದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ, ಅದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಸರ್ಕಾರಿ ಬಸ್ಸಿನ ಟೈಮು ಕೆಎಸ್‌ಆರ್‌ಟಿಸಿಯದ್ದು. ರೈಲಿನ ಟೈಮು ನೈಋತ್ಯ ರೈಲ್ವೆಯದ್ದು, ಈ ಮಾರ್ಗ ಮೈಸೂರು ವಿಭಾಗಕ್ಕೆ ಸೇರುತ್ತೆ. ಮೂರು ಕಚೇರಿ, ಮೂರು ವೇಳಾಪಟ್ಟಿ. ಮೂರನ್ನೂ ಒಂದೇ ಮೇಜಿನ ಮೇಲಿಟ್ಟು ನೋಡೋದು ಯಾರ ಕೆಲಸ?

ಹೊಂದಿಕೊಳ್ಳಬೇಕಾದ್ದು ಬಸ್ಸೇ. ಯಾಕಂದ್ರೆ ನಮ್ಮದು ಒಂಟಿ ಹಳಿ. ಎದುರಿನ ರೈಲು ದಾಟೋಕೆ ಸ್ಟೇಷನ್ನಲ್ಲೇ ಕಾಯಬೇಕು. ಒಂದು ರೈಲಿನ ಟೈಮು ಬದಲಿಸಿದ್ರೆ ಬೆಂಗಳೂರಿನವರೆಗೂ ಲೆಕ್ಕ ತಪ್ಪುತ್ತೆ. ಬಸ್ಸಿನ ಟೈಮು ಬದಲಿಸೋಕೆ ಒಂದು ಸಭೆ, ಒಂದು ಆದೇಶ ಸಾಕು. ಸ್ವಿಟ್ಜರ್ಲೆಂಡ್‌ನಲ್ಲಿ 1982ರಿಂದ ಇಡೀ ದೇಶದ ರೈಲು ವೇಳಾಪಟ್ಟಿಯನ್ನ ಗಡಿಯಾರಕ್ಕೆ ಕಟ್ಟಿದಾರೆ. ಬೆಟ್ಟದ ಹಳ್ಳಿಗೆ ಹೋಗೋ ಹಳದಿ ಪೋಸ್ಟ್‌ಬಸ್ ರೈಲಿನ ಟೈಮ್ ನೋಡ್ಕೊಂಡು ಹೊರಡುತ್ತೆ. ಅವರ ದುಡ್ಡು ನಮ್ಮ ಹತ್ರ ಇಲ್ಲ, ಒಪ್ತೀನಿ. ಆದ್ರೆ ಈ ಲೆಕ್ಕಕ್ಕೆ ದುಡ್ಡು ಬೇಕಿರೋದು ಕಡಿಮೆ.

ಬಸ್ ಮಾಲೀಕರ ಕಷ್ಟವನ್ನೂ ಮರೆಯೋ ಹಾಗಿಲ್ಲ. ಕೊಪ್ಪದಲ್ಲಿ ಕಾರ್ಮಿಕರೇ ಸೇರಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ ಮಲೆನಾಡಿನ ಎಷ್ಟೋ ಊರಿಗೆ ಬಸ್ ಕೊಟ್ಟಿತ್ತು. ನಷ್ಟ ತಾಳಲಾರದೆ 2020ರಲ್ಲಿ ಅದೂ ನಿಂತುಹೋಯ್ತು. ಹಾಗಾಗಿ "ಖಾಲಿ ಬಸ್ ಓಡ್ಸಿ" ಅಂತ ನಾನು ಹೇಳಲ್ಲ. ರೈಲು ಒಟ್ಟಿಗೆ ತಂದು ಇಳಿಸೋ ಜನರನ್ನ ಬಿಟ್ಟು ಹೋಗ್ಬೇಡಿ ಅಂತಿದೀನಿ. ಇನ್ನೊಂದು ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ ಉಚಿತ. ಖಾಸಗಿ ಬಸ್ಸೇ ಓಡೋ ನಮ್ಮ ರಸ್ತೆಗಳಲ್ಲಿ ಅದು ಅಮ್ಮಂದಿರಿಗೆ ಸಿಗಲ್ಲ. ರೈಲಿನ ಟೈಮಿಗೆ ಕೆಎಸ್‌ಆರ್‌ಟಿಸಿಯ ಎರಡು ಮಿನಿ ಬಸ್ ಬಂದ್ರೆ, ಒಂದು ಇರುವಕ್ಕಿಗೆ, ಒಂದು ರಿಪ್ಪನ್‌ಪೇಟೆ ಕಡೆಗೆ, ಎರಡೂ ಕೆಲಸ ಆಗುತ್ತೆ.

ಕೊನೇ ಬಸ್ಸಿಗೆ ಇಪ್ಪತ್ತು ನಿಮಿಷ ಕಾಯೋ ಅವಕಾಶವನ್ನ ಆದೇಶದಲ್ಲೇ ಬರೀಲಿ. ರೈಲು ಅರಸಾಳು ದಾಟಿತಾ ಇಲ್ವಾ ಅಂತ ನಮ್ಮ ಮೊಬೈಲಲ್ಲಿ ಕಾಣುತ್ತೆ. ಕಂಡಕ್ಟರ್ ಅಣ್ಣನ ಮೊಬೈಲಲ್ಲೂ ಕಾಣುತ್ತೆ.

ಇದನ್ನ ಈಗಲೇ ಯಾಕೆ ಹೇಳ್ತಿದೀನಿ ಅಂದ್ರೆ, ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ಹೊಸ ಮಾರ್ಗಕ್ಕೆ 2023ರ ಫೆಬ್ರವರಿ 27ರಂದು ಶಂಕುಸ್ಥಾಪನೆ ಆಗಿದೆ. ಅಲ್ಲೂ ಸ್ಟೇಷನ್ ಬರುತ್ತವೆ, ಸುತ್ತ ಸೈಟು, ಅಂಗಡಿ, ಕಾಲೇಜು ಬರುತ್ತವೆ. ಬಸ್ ನಿಲ್ಲೋಕೆ ಜಾಗ, ಬಸ್ಸಿನ ಟೈಮು ಅಲ್ಲಾದ್ರೂ ಮೊದಲೇ ಬರಲಿ.

ನಾನೀಗ ಬೆಂಗಳೂರಲ್ಲಿ ಕೆಲಸ ಮಾಡ್ತೀನಿ, ಹಬ್ಬಕ್ಕೆ ರಾತ್ರಿ ರೈಲಲ್ಲಿ ಊರಿಗೆ ಹೋಗ್ತೀನಿ. ಆನಂದಪುರದಲ್ಲಿ ಇಳಿದ ಕೂಡಲೇ ಅಪ್ಪಯ್ಯನ ಫೋನ್ ಬರುತ್ತೆ. "ಬಸ್ ಸಿಗ್ತಾ, ನಾನೇ ಬರ್ಲಾ?" ಅಂತಾರೆ. ಆ ಕೈ ಈಗಲೂ ಪೂರ್ತಿ ನೆಟ್ಟಗಾಗಲ್ಲ. ಆದ್ರೂ ಬೈಕಿನ ಕೀ ಬಾಗಿಲ ಹತ್ರದ ಮೊಳೆಯಲ್ಲೇ ನೇತಾಡ್ತಿರುತ್ತೆ.

ಮತ್ತೆ ಸಿಗೋಣ. ನಿಮ್ಮೂರಲ್ಲೂ ರೈಲು ಬಂದಾಗ ಬಸ್ ಹೋಗಿರುತ್ತಾ? ಯಾವ ರೈಲು, ಯಾವ ಬಸ್, ಎಷ್ಟು ನಿಮಿಷ ಅಂತ ಬರ್ದಿಟ್ಕೊಂಡು ಕಳ್ಸಿ. ಬರೀ ಬೈದ್ರೆ ಯಾರೂ ಕೇಳಲ್ಲ, ಟೈಮು ಬರೆದುಕೊಟ್ರೆ ಉತ್ತರ ಕೊಡಲೇಬೇಕಾಗುತ್ತೆ.