ಪಾಸ್ ಬುಕ್ಕು ಅಜ್ಜಿ ಕೈಲೇ ಇರಲಿ
(ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಸಭೆಯಲ್ಲಿ ಕಾರ್ಯದರ್ಶಿಗಳ ಮಾತು)



ಹಾಲಿನ ಲೆಕ್ಕ, ಲಾಭದ ಲೆಕ್ಕ, ಬೋನಸ್ಸಿನ ಲೆಕ್ಕ ಎಲ್ಲವನ್ನೂ ಅಧ್ಯಕ್ಷರು ಒಪ್ಪಿಸಿದ್ದಾರೆ. ನಾವು ಬೇರೆ ಒಂದು ಲೆಕ್ಕ ಹೇಳಬೇಕೆಂದು ನಿಂತಿದ್ದೇವೆ. ಸಂಘ ಶುರುವಾದಾಗ ಕ್ಯಾನು ಹಿಡಿದು ದಡದಡ ಬರುತ್ತಿದ್ದವರು ಈಗ ಅಜ್ಜ, ಅಜ್ಜಿ ಆಗಿದ್ದಾರೆ. ಅವರು ಹೇಗಿದ್ದಾರೆ ಅಂತ ಯಾರಾದರೂ ಕೇಳಿದ್ದೇವೆಯೇ?

ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುತ್ತೇವೆ. ಹಿಂದೆ ಬಟವಾಡೆ ದಿನ ದುಡ್ಡು ಎಣಿಸಿ ಕೈಗೇ ಕೊಡುತ್ತಿದ್ದೆವು. ಅಜ್ಜಿಯರು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ದಾರೀಲಿ ಎಲೆ ಅಡಿಕೆ, ಮೊಮ್ಮಗೂಗೆ ಒಂದು ಬಿಸ್ಕೆಟ್ ಪೊಟ್ಟಣ ತಗೊಂಡು ಹೋಗೋರು. ಈಗ ಹಣ ನೇರ ಬ್ಯಾಂಕಿಗೆ ಜಮಾ ಆಗುತ್ತದೆ. ಒಳ್ಳೆಯದೇ, ಲೆಕ್ಕ ಚೊಕ್ಕಟ. ಆದರೆ ಆವತ್ತು ಅವಸರದಲ್ಲಿ 'ಮನೇಲಿ ಯಾರದಾದರೂ ಒಂದು ಖಾತೆ ನಂಬರು ಕೊಡಿ' ಅಂದುಬಿಟ್ಟೆವು. ಮಗನ ನಂಬರು ಬಂತು. ಹುಲ್ಲು ಕೊಯ್ಯೋದು, ಸಗಣಿ ಬಾಚೋದು, ಹಾಲು ಕರೆಯೋದು ಅಜ್ಜಿ. ದುಡ್ಡು ಬಂದ ಮೆಸೇಜು ಮಗನ ಫೋನಿಗೆ. ಒಂದು ದಿನ ಒಬ್ಬ ತಾಯಿ ಮಂಡಿನೋವಿನ ಮಾತ್ರೆಗೆ ನಮ್ಮ ಹತ್ತಿರ 50 ರೂಪಾಯಿ ಸಾಲ ಕೇಳಿದರು. ಆ ತಿಂಗಳು ಅವರ ಹಾಲಿನ ಹಣವೇ 4,000 ದಾಟಿತ್ತು. ಪುಸ್ತಕ ನಮ್ಮ ಮುಂದೆಯೇ ತೆರೆದಿತ್ತು. ಆ ರಾತ್ರಿ ನಮಗೆ ಊಟ ಸೇರಲಿಲ್ಲ.

ಮಕ್ಕಳು ಕೆಟ್ಟವರು ಅಂತ ನಾವು ಹೇಳುತ್ತಿಲ್ಲ. 'ನಿಂಗ್ಯಾಕವ್ವ ಬ್ಯಾಂಕು ಗೀಂಕು, ಬೇಕಾದ್ದು ನಾನ್ ತಂದ್ಕೊಡಲ್ವಾ' ಅನ್ನುವುದು ಪ್ರೀತಿಯಿಂದಲೇ. ಆದರೆ ಪ್ರತಿಯೊಂದಕ್ಕೂ ಕೈಚಾಚುವ ಸ್ಥಿತಿ ಬಂದ ಮೇಲೆ ಹಿರಿಯರು ಕೇಳೋದನ್ನೇ ಬಿಟ್ಟುಬಿಡುತ್ತಾರೆ. ಡಾಕ್ಟರು ದಿನಕ್ಕೆ ಎರಡು ಮಾತ್ರೆ ಬರೆದಿದ್ದರೆ ಒಂದನ್ನೇ ನುಂಗುತ್ತಾರೆ. ಕಣ್ಣಿಗೆ ಪೊರೆ ಬಂದರೂ 'ವಯಸ್ಸಾಯ್ತಲ್ಲ' ಅಂತ ಸುಮ್ಮನಿರುತ್ತಾರೆ. ಪೊರೆ ತೆಗೆಸಿದರೆ ಬಹಳ ಮಂದಿಗೆ ಚೆನ್ನಾಗಿ ಕಾಣುತ್ತದೆ. ಹಾಗೇ ಬಿಟ್ಟರೆ ಮಬ್ಬುಗಣ್ಣಲ್ಲಿ ರಾತ್ರಿ ಬಚ್ಚಲಿಗೆ ಹೋಗಿ ಜಾರುತ್ತಾರೆ. ಸೊಂಟದ ಮೂಳೆ ಮುರಿದರೆ ಎಷ್ಟೋ ಜನ ಮತ್ತೆ ಮೊದಲಿನಂತೆ ಓಡಾಡುವುದೇ ಇಲ್ಲ. ಗೋಡೆಗೊಂದು ಹಿಡಿಕೆ, ದಾರಿಗೊಂದು ಬಲ್ಬು ಹಾಕಿಸಲು ಎಷ್ಟಾದೀತು? ಹಸು ಜಾರಬಾರದು ಅಂತ ಕೊಟ್ಟಿಗೆಗೆ ರಬ್ಬರ್ ಮ್ಯಾಟು ಹಾಸಿದ್ದೇವಲ್ಲ, ಸ್ವಾಮಿ!

65 ವರ್ಷ ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಇದೆ. 2021ರಲ್ಲಿ ಅದು ತಿಂಗಳಿಗೆ 1200 ರೂಪಾಯಿಗೆ ಏರಿತು. ಅರ್ಜಿ ನಾಡಕಚೇರಿಯಲ್ಲಿ. ಆ ಹಣವೂ ಅವರ ಖಾತೆಗೇ ಬಂದು ಅವರ ಕೈಗೇ ಸೇರಬೇಕು.

ಇನ್ನು ಜಮೀನು ಬರೆದುಕೊಡುವ ವಿಚಾರ. ಇದನ್ನು ಗಮನ ಇಟ್ಟು ಕೇಳಿ. ಮಕ್ಕಳಿಗೆ ದಾನಪತ್ರ ಮಾಡುವಾಗ 'ನಮ್ಮನ್ನು ಕೊನೇತನಕ ನೋಡಿಕೊಳ್ಳತಕ್ಕದ್ದು' ಎಂಬ ಷರತ್ತನ್ನು ಪತ್ರದೊಳಗೇ ಬರೆಸಿ. ಆಮೇಲೆ ಅವರು ತಪ್ಪಿ ನಡೆದರೆ, ಹಿರಿಯ ನಾಗರಿಕರ 2007ರ ಕಾಯ್ದೆ ಪ್ರಕಾರ ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಹಾಕಿ ಆ ಪತ್ರವನ್ನೇ ರದ್ದು ಮಾಡಿಸಲು ದಾರಿ ಇದೆ. ಬಾಯಿಮಾತು ನಂಬಿ ಹೆಬ್ಬೆಟ್ಟು ಒತ್ತಿದರೆ ಕಷ್ಟ. ಇಂಥ ಷರತ್ತು ಇರಲೇಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟೇ ಹೇಳಿತು. 'ಹೆತ್ತ ಮಗನಿಗೆ ಷರತ್ತಾ?' ಅಂತ ಸಂಕೋಚಪಡಬೇಡಿ. ಸಾಲ ತೆಗೆಯುವಾಗ ಅಣ್ಣತಮ್ಮಂದಿರೇ ಜಾಮೀನು ರುಜು ಹಾಕಲ್ವೇ? ಮನೆಯಲ್ಲಿ ಹಿಂಸೆ ಇದ್ದರೆ 14567ಕ್ಕೆ ಫೋನ್ ಮಾಡಿ. ಅದು ಹಿರಿಯರಿಗೆಂದೇ ಇರುವ ಸಹಾಯವಾಣಿ, ದುಡ್ಡು ಬೀಳುವುದಿಲ್ಲ.

ಸಂಘದಿಂದ ನಾವು ಮಾಡಬಹುದಾದ್ದನ್ನು ಆಡಳಿತ ಮಂಡಳಿ ಒಪ್ಪಿದೆ. ಒಂಟಿಯಾಗಿರುವ ಹಿರಿಯರ ಮನೆಯಿಂದ ಎರಡು ಹೊತ್ತು ಹಾಲು ಬರದಿದ್ದರೆ, ಹಾಲು ಅಳೆಯುವ ಹುಡುಗ ಅವರ ಬಾಗಿಲ ತನಕ ಹೋಗಿ ನೋಡಿಕೊಂಡು ಬರುತ್ತಾನೆ. ದನ ಕಟ್ಟುವವರು ಯಾರೋ ಅವರ ಹೆಸರಿಗೇ ಹಣ ಹಾಕಲು ಖಾತೆ ಬದಲಾವಣೆ ಫಾರಂ ನಾಳೆ ಬೆಳಿಗ್ಗೆಯಿಂದ ಮೇಜಿನ ಮೇಲಿರುತ್ತದೆ. ಬರುವಾಗ ಅಜ್ಜಿಯನ್ನೂ ಕರ್ಕೊಂಡು ಬನ್ನಿ. ಕೂರೋಕೆ ಬೆಂಚು ಹಾಕಿಸಿದ್ದೇವೆ.