ಚೆದುರಿದವರ ವಾದ್ಯವೃಂದ

2016ರ ಜೂನ್ 24. ಬ್ರಿಟನ್ ಐರೋಪ್ಯ ಒಕ್ಕೂಟವನ್ನು ಬಿಡುವುದು ಬೆಳಗಾಗುವಷ್ಟರಲ್ಲಿ ಖಚಿತವಾಗಿತ್ತು. ವಲಸಿಗರ ವಿಚಾರವೇ ಆ ಜನಮತಗಣನೆಯ ಪ್ರಚಾರದ ತುಂಬ. ಅದೇ ದಿನ ಕೆಸರುಗದ್ದೆಯಾಗಿದ್ದ ಗ್ಲಾಸ್ಟನ್‌ಬರಿ ಸಂಗೀತೋತ್ಸವದ ದೊಡ್ಡ ವೇದಿಕೆಯಲ್ಲಿ ಮೊದಲು ಕೇಳಿಸಿದ್ದು ಸಿರಿಯಾದ ವಾದ್ಯವೃಂದ, ಜೊತೆಗೆ ಅದರ ಗಾಯನತಂಡ.

ಇವರಲ್ಲಿ ಹೆಚ್ಚಿನವರು ಡಮಾಸ್ಕಸ್‌ನಲ್ಲಿ ಒಟ್ಟಿಗೆ ಕಲಿತು ನುಡಿಸಿದವರು. ಯುದ್ಧ ಅವರನ್ನು ದೇಶದೇಶಗಳಿಗೆ ಚೆದುರಿಸಿತ್ತು; ಕೆಲವರು ಡಮಾಸ್ಕಸ್‌ನಲ್ಲೇ ಉಳಿದಿದ್ದರು. ನಿರ್ದೇಶಕ ಇಸಾಮ್ ರಾಫಿಯಾ ಅಮೆರಿಕದಲ್ಲಿದ್ದರು. ಯುದ್ಧಕ್ಕೆ ಮುಂಚೆಯೇ ಇವರ ಜೊತೆ ಹಾಡಿದ್ದ ಇಂಗ್ಲೆಂಡಿನ ಗಾಯಕ ಡೇಮನ್ ಆಲ್ಬರ್ನ್ ಬಿಡದೆ ಓಡಾಡಿ ಸುಮಾರು 50 ಮಂದಿಯನ್ನು ಮತ್ತೆ ಒಂದೇ ವೇದಿಕೆಗೆ ತಂದರು. ಶ್ರುತಿ ಹೊಂದಿಸುವುದಕ್ಕಿಂತ ವೀಸಾ ಹೊಂದಿಸುವುದೇ ಕಷ್ಟ!

ಇದು ನುರಿತವರ ಕಥೆ; ಹವ್ಯಾಸಿಗಳದೂ ಒಂದಿದೆ. ಬರ್ಲಿನ್ನಿನಲ್ಲಿ 2015ರಲ್ಲಿ ಶುರುವಾದ ಗಾಯನತಂಡ ಬೆಗೆಗ್ನುಂಗ್ಸ್‌ಕೋರ್‌ನಲ್ಲಿ ಸ್ಥಳೀಯರೂ ನಿರಾಶ್ರಿತರೂ ಅಕ್ಕಪಕ್ಕ ನಿಂತು ಹಾಡುತ್ತಾರೆ. ಜರ್ಮನ್ ಹಾಡೂ ಉಂಟು, ಅರಬ್ಬಿಯೂ ಉಂಟು.

ಆದರೆ ಸೇರಿ ಹಾಡುವುದು ಸಲೀಸಲ್ಲ. ಯುರೋಪಿನ ವೃಂದಗಾನದಲ್ಲಿ ಒಂದೊಂದು ಗುಂಪಿಗೆ ಒಂದೊಂದು ಸ್ವರಸಾಲು. ಅರಬ್ ಸಂಗೀತದಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಒಂದೇ ಸಾಲು. ಅದರ ಬೆಡಗೆಲ್ಲ ಬಳುಕಿನಲ್ಲಿ. ರಾಗಕ್ಕೆ ಕಿವಿಗೊಟ್ಟು ಬೆಳೆದ ನಮಗೆ ಇದು ಅಷ್ಟೇನೂ ಪರಕೀಯವಲ್ಲ. ‘ಮಕಾಮ್’ ಎಂಬ ಅವರ ರಾಗಪದ್ಧತಿಯಲ್ಲಿ ಪಿಯಾನೊದ ಎರಡು ಮನೆಗಳ ನಡುವೆ ಬೀಳುವ ಕಾಲುಸ್ವರಗಳೂ ಬರುತ್ತವೆ. ಅವನ್ನು ಪಿಯಾನೊ ಒತ್ತಿ ತೋರಿಸಲಾಗದು. ಬಲ್ಲವರೊಬ್ಬರು ಹಾಡಿಯೇ ಕೇಳಿಸಬೇಕು. ಆ ಹೊತ್ತಿಗೆ, ನೆಲೆ ಕೇಳಿ ಬಂದವರೇ ಪಾಠ ಹೇಳುವವರು.